ಫ್ಲಾಶ್‌ನಲ್ಲಿ ಸಿಕ್ಕಿಕೊಂಡ ಕನ್ನಡ

ಹತ್ತು ಹದಿನೈದು ವರ್ಷದ ಹಿಂದೆ ನೆಟ್ ಸೆಂಟರ್‌ನಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಕೂತವರಿಗೆ ಒಂದು ಸಂದೇಶ ನೆನಪಿರಬೇಕು. ಯಾವುದೋ ಪುಟ ತೆರೆದರೆ ನಡುವೆ ಖಾಲಿ ಚೌಕ. ‘ಇದನ್ನು ನೋಡಲು ಅಡೋಬ್ ಫ್ಲಾಶ್ ಪ್ಲೇಯರ್ ಹಾಕಿಕೊಳ್ಳಿ’ ಅಂತ ಅದರ ಮೇಲೊಂದು ಸೂಚನೆ. ಹಾಕಿಕೊಂಡರೆ ನಾಲ್ಕು ದಿನಕ್ಕೆ ‘ನಿಮ್ಮ ಫ್ಲಾಶ್ ಹಳೆಯದಾಗಿದೆ, ಹೊಸದು ಹಾಕಿಕೊಳ್ಳಿ’ ಅಂತ ಇನ್ನೊಂದು. ಆ ಕಿರಿಕಿರಿ ಈಗ ಪೂರ್ತಿ ಮುಗಿಯಿತು. 2020ರ ಡಿಸೆಂಬರ್ 31ಕ್ಕೆ ಅಡೋಬ್ ಕಂಪನಿ ಫ್ಲಾಶ್‌ಗೆ ಬೆಂಬಲ ನಿಲ್ಲಿಸಿತು. 2021ರ ಜನವರಿ 12ರಿಂದ ಪ್ಲೇಯರ್ ತಾನಾಗಿಯೇ ಕೆಲಸ ನಿರಾಕರಿಸತೊಡಗಿತು. ಅದೇ ತಿಂಗಳು ಬಂದ ಕ್ರೋಮ್ 88 ಮತ್ತು ಫೈರ್‌ಫಾಕ್ಸ್ 85 ಫ್ಲಾಶ್‌ಗೆ ಇದ್ದ ಜಾಗವನ್ನೇ ತೆಗೆದುಹಾಕಿದವು.

ಚಿಕ್ಕೋಡಿ, ರಾಯಬಾಗ, ಅಥಣಿ ಕಡೆ ಬಹಳ ಮಂದಿಗೆ ಇದು ಗೊತ್ತೂ ಆಗಿಲ್ಲ. ನಮ್ಮ ಹಳ್ಳಿಗಳಿಗೆ ಇಂಟರ್ನೆಟ್ ಖರೇ ಅಂದರೆ ಬಂದದ್ದು 2016ರಲ್ಲಿ ಜಿಯೊ ಸಿಮ್ ಬಂದ ಮೇಲೆ, ಅದೂ ಮೊಬೈಲ್‌ನಲ್ಲಿ. ಮೊಬೈಲ್‌ಗೆ ಫ್ಲಾಶ್ ತಯಾರಿಸುವ ಕೆಲಸವನ್ನು ಅಡೋಬ್ 2011ರ ನವೆಂಬರ್‌ನಲ್ಲೇ ಕೈಬಿಟ್ಟಿತ್ತು. ಹಾಗಾಗಿ ನಮ್ಮ ಓಣಿಯ ಹುಡುಗರಿಗೆ ಫ್ಲಾಶ್ ಅಂದರೆ ಕ್ಯಾಮೆರಾದ ಲೈಟು ಅಷ್ಟೇ.

ತೊಂದರೆ ಆದದ್ದು, ಅದಕ್ಕೂ ಮೊದಲೇ ಕಂಪ್ಯೂಟರ್ ಹಿಡಿದು ಏನಾದರೂ ಮಾಡಿದವರಿಗೆ. ಅಂಥವರಲ್ಲಿ ನಮ್ಮ ಕಾಕಾ ಒಬ್ಬರು. ಅವರು ನಿಪ್ಪಾಣಿ ತಾಲ್ಲೂಕಿನ ಒಂದು ಮರಾಠಿ ಮಾಧ್ಯಮ ಶಾಲೆಯಲ್ಲಿ ಕನ್ನಡ ಕಲಿಸುವ ಮಾಸ್ತರು. ಲಾಕ್‌ಡೌನ್ ಶುರುವಾದಾಗಿನಿಂದ ನಾನು ರಾಯಬಾಗದ ಮನೆಯಿಂದಲೇ ಬೆಂಗಳೂರಿನ ಆಫೀಸಿಗೆ ಕೆಲಸ ಮಾಡುತ್ತಿದ್ದೇನೆ. ಜನವರಿ ಮೂರನೇ ವಾರ ಕಾಕಾನ ಫೋನ್ ಬಂತು.

‘ಏನವಾ, ನಮ್ಮ ಪಾಠದ ಸಿಡಿ ನಡೀವಲ್ದು ನೋಡು. ಹೋದ ವರ್ಷ ತನಕಾ ಚಲೋ ನಡೀತಿತ್ತು. ಈಗ ಬರೇ ಬೂದಿ ಬಣ್ಣದ ಚೌಕ ಬರ್ತೈತಿ.’

ಆ ಸಿಡಿ ಏನು ಅಂತ ಹೇಳುವ ಮೊದಲು ಫ್ಲಾಶ್ ಏನು ಅಂತ ಸ್ವಲ್ಪ ಹೇಳಬೇಕು. 1996ರಲ್ಲಿ ಫ್ಯೂಚರ್‌ಸ್ಪ್ಲಾಶ್ ಎಂಬ ಹೆಸರಿನಲ್ಲಿ ಚಿತ್ರ ಬಿಡಿಸಿ ಕುಣಿಸುವ ಒಂದು ಪುಟ್ಟ ತಂತ್ರಾಂಶ ಬಂತು. ಅದೇ ವರ್ಷದ ಕೊನೆಗೆ ಮ್ಯಾಕ್ರೋಮೀಡಿಯಾ ಅದನ್ನು ಕೊಂಡು ಫ್ಲಾಶ್ ಎಂದು ಕರೆಯಿತು. 2005ರಲ್ಲಿ ಅಡೋಬ್ ಆ ಕಂಪನಿಯನ್ನೇ ಕೊಂಡಿತು. ಆಗಿನ ಬ್ರೌಸರ್‌ಗೆ ಅಕ್ಷರ ಮತ್ತು ಚಿತ್ರ ತೋರಿಸಲು ಬರುತ್ತಿತ್ತೇ ಹೊರತು, ವಿಡಿಯೊ, ಧ್ವನಿ, ಆಟ ಇವೆಲ್ಲ ಅದಕ್ಕೆ ದೂರದ ಮಾತು. ಆ ಕೊರತೆಯನ್ನು ತುಂಬಲು ಬ್ರೌಸರ್‌ಗೆ ಹೊರಗಿನಿಂದ ಜೋಡಿಸುವ ತುಣುಕನ್ನೇ ಪ್ಲಗಿನ್ ಅನ್ನುವುದು. ಯೂಟ್ಯೂಬ್ 2005ರಲ್ಲಿ ಶುರುವಾದಾಗ ಅದರ ವಿಡಿಯೊ ಓಡುತ್ತಿದ್ದುದು ಫ್ಲಾಶ್‌ನಿಂದಲೇ. ಫೇಸ್‌ಬುಕ್‌ನ ಫಾರ್ಮ್‌ವಿಲ್ ಆಟವೂ ಅದರದೇ ಕೂಸು. ನಾನು ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಓದುವಾಗ ನಮ್ಮ ಹಾಸ್ಟೆಲ್ ತುಂಬಾ ಅದರದೇ ಹುಚ್ಚು. ಅತ್ತ ಅಥಣಿಯಲ್ಲಿ ಅಪ್ಪ ಕಬ್ಬಿಗೆ ನೀರು ಬಿಡಲು ರಾತ್ರಿ ಕರೆಂಟ್ ಕಾಯುತ್ತ ಕೂತಿದ್ದರೆ, ಇತ್ತ ಮಗಳು ಸ್ಟ್ರಾಬೆರಿ ಒಣಗಿ ಹೋದೀತು ಅಂತ ಅಲಾರಂ ಇಟ್ಟುಕೊಂಡು ಏಳುತ್ತಿದ್ದಳು. ಆ ಹೊಲವೂ ಡಿಸೆಂಬರ್ 31ಕ್ಕೆ ಮುಚ್ಚಿತು.

ಆದರೆ ನಮ್ಮಂಥ ಊರುಗಳಲ್ಲಿ ಫ್ಲಾಶ್ ಹಿಡಿಸಲು ಇನ್ನೊಂದು ಕಾರಣವಿತ್ತು. ಫ್ಲಾಶ್ ಚರಿತ್ರೆ ಬರೆಯುವ ಇಂಗ್ಲಿಷ್ ಮಂದಿ ಇದರ ಬಗ್ಗೆ ಬರೆದದ್ದು ನಾನು ಎಲ್ಲೂ ಓದಿಲ್ಲ. ಅದು ಕನ್ನಡ ಅಕ್ಷರದ ಸಮಸ್ಯೆ.

ಆಗ ಕನ್ನಡ ಯೂನಿಕೋಡ್ ಇನ್ನೂ ಎಲ್ಲ ಕಡೆ ಬೇರು ಬಿಟ್ಟಿರಲಿಲ್ಲ. ಒಬ್ಬರು ನುಡಿಯಲ್ಲಿ, ಇನ್ನೊಬ್ಬರು ಬರಹದಲ್ಲಿ, ಡಿಟಿಪಿ ಅಂಗಡಿಯವರು ಶ್ರೀಲಿಪಿಯಲ್ಲಿ ಟೈಪ್ ಮಾಡುತ್ತಿದ್ದರು. ನುಡಿಯ ಹಳೆಯ ಫಾಂಟಿನಲ್ಲಿ ನೀವು ‘ಶಾಲೆ’ ಅಂತ ಬರೆದರೆ, ಕಂಪ್ಯೂಟರ್ ಲೆಕ್ಕದಲ್ಲಿ ಅದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಒಂದು ಸಾಲು. ಅದರ ಮೇಲೆ ಫಾಂಟು ಕನ್ನಡದ ವೇಷ ಹಾಕಿರುತ್ತದೆ, ಅಷ್ಟೇ. ಅದೇ ಕಡತವನ್ನು ಆ ಫಾಂಟಿಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೆ ವೇಷ ಕಳಚಿ ಅರ್ಥವಿಲ್ಲದ ಗೀಚು ಕಾಣುತ್ತಿತ್ತು. ನಿಪ್ಪಾಣಿಯಲ್ಲಿ ಟೈಪ್ ಮಾಡಿದ್ದು ಕಾಗವಾಡದಲ್ಲಿ ಓದಲು ಬರುತ್ತದೆ ಎಂಬ ಭರವಸೆ ಇರಲಿಲ್ಲ.

ಫ್ಲಾಶ್ ಈ ತಾಪತ್ರಯವನ್ನು ಅಡ್ಡದಾರಿಯಿಂದ ಬಗೆಹರಿಸಿತು. ಬಳಸಿದ ಅಕ್ಷರಗಳ ಆಕಾರವನ್ನೇ ಅದು ಕಡತದೊಳಗೆ ಗಂಟು ಕಟ್ಟಿಕೊಳ್ಳುತ್ತಿತ್ತು. ಎದುರಿನ ಕಂಪ್ಯೂಟರ್‌ನಲ್ಲಿ ನುಡಿ ಇರಲಿ ಬಿಡಲಿ, ಫ್ಲಾಶ್ ಪ್ಲೇಯರ್ ಇದ್ದರೆ ಸಾಕು, ಕನ್ನಡ ಇದ್ದಂತೆಯೇ ಕಾಣುತ್ತಿತ್ತು. ತಮಾಷೆ ಅಂದರೆ, ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸಬಲ್ಲ ಹೊಸ ವ್ಯವಸ್ಥೆ ಫ್ಲಾಶ್‌ಗೆ ಬಂದದ್ದು 2008ರ ಹತ್ತನೇ ಆವೃತ್ತಿಯಲ್ಲಿ. ಅದಕ್ಕೂ ಮೊದಲು ಯೂನಿಕೋಡ್ ಕನ್ನಡ ಹಾಕಿದರೆ ‘ಚಿಕ್ಕೋಡಿ’ಯ ಒತ್ತು ಕೆಳಗೆ ಕೂಡದೆ ಪಕ್ಕಕ್ಕೆ ಜಿಗಿಯುತ್ತಿತ್ತು. ಹೀಗಾಗಿ ಎಲ್ಲರೂ ಹಳೆಯ ವೇಷದ ಫಾಂಟನ್ನೇ ಬಳಸಿದರು. ಕೆಲವರು ಇನ್ನೂ ಮುಂದೆ ಹೋಗಿ ಅಕ್ಷರವನ್ನು ಒಡೆದು ಬರೀ ಚಿತ್ರ ಮಾಡಿಬಿಡುತ್ತಿದ್ದರು. ಕಣ್ಣಿಗೆ ಚೆಂದ, ಆದರೆ ಹುಡುಕಲು ಬರುವುದಿಲ್ಲ, ನಕಲು ಮಾಡಲು ಬರುವುದಿಲ್ಲ. ಫ್ಲಾಶ್ ಇರುವ ತನಕ ಇದು ಯಾರಿಗೂ ತಟ್ಟಲಿಲ್ಲ.

ಕಾಕಾನ ಸಿಡಿ ತಯಾರಾದದ್ದು 2008ರಲ್ಲಿ. ಗಡಿ ಅಂದರೆ ಟಿವಿಯವರಿಗೆ ಗಲಾಟೆ. ಕಾಕಾನ ಶಾಲೆಯಲ್ಲಿ ಗಡಿ ಅಂದರೆ ಎ ಮತ್ತು ಏ ನಡುವಿನ ವ್ಯತ್ಯಾಸ. ಮರಾಠಿಯಲ್ಲಿ ಹ್ರಸ್ವ ಎ, ಹ್ರಸ್ವ ಒ ಅಂತ ಬೇರೆ ಅಕ್ಷರ ಇಲ್ಲ. ಅಲ್ಲಿ ಇರುವುದು ಒಂದೇ ಎ, ಒಂದೇ ಒ. ಹಾಗಾಗಿ ಮರಾಠಿ ಮನೆಮಾತಿನ ಮಕ್ಕಳಿಗೆ ‘ಕೊಡು’ ಮತ್ತು ‘ಕೋಡು’, ‘ಬೆರೆ’ ಮತ್ತು ‘ಬೇರೆ’ ಕಿವಿಗೆ ಒಂದೇ ಥರ ಕೇಳುತ್ತವೆ. ಕಿವಿಗೆ ಒಂದೇ ಆದಮೇಲೆ ಕೈ ಬೇರೆ ಬರೆಯುವುದು ಹೇಗೆ? ಅದೇ ಳ ಅಕ್ಷರ ಅವರಿಗೆ ತೊಂದರೆ ಕೊಡುವುದಿಲ್ಲ, ಮರಾಠಿಯಲ್ಲೂ ಅದು ಇದೆ. ಪಠ್ಯಪುಸ್ತಕ ಇದನ್ನೆಲ್ಲ ನೋಡಿ ಬರೆದದ್ದಲ್ಲ.

ಕಾಕಾ ಮತ್ತು ಅವರ ಶಾಲೆಯ ಒಬ್ಬ ಅಕ್ಕೋರು ಸೇರಿ ಇಂಥ ಜೋಡಿ ಪದಗಳ ಪಟ್ಟಿ ಮಾಡಿದರು. ಆ ಅಕ್ಕೋರ ಮನೆಮಾತು ಮರಾಠಿ. ನೌಕರಿಗೆ ಸೇರಿದ ಮೇಲೆ ಕನ್ನಡ ಕಲಿತವರು. ಮಕ್ಕಳು ಎಲ್ಲಿ ಎಡವುತ್ತಾರೆ ಅಂತ ಅವರಿಗೆ ತಮ್ಮ ನಾಲಿಗೆಯಿಂದಲೇ ಗೊತ್ತಿತ್ತು. ನಿಪ್ಪಾಣಿಯ ಒಬ್ಬ ಡಿಟಿಪಿ ಅಂಗಡಿಯವ ಫ್ಲಾಶ್ 8 ಕಲಿತಿದ್ದ, ಲಗ್ನಪತ್ರಿಕೆಯಲ್ಲಿ ಗಣಪತಿ ಕುಣಿಸುವುದಕ್ಕೆ. ಅವನ ಬಳಿ ಕೂತು ಹದಿನಾಲ್ಕು ಪಾಠ ಮಾಡಿಸಿದರು. ಪರದೆಯ ಮೇಲೆ ಅಕ್ಷರ ಎಲ್ಲಿಂದ ಶುರುವಾಗಿ ಎಲ್ಲಿ ತಿರುಗುತ್ತದೆ ಅಂತ ಬಳಪ ಹಿಡಿದ ಕೈಯಂತೆ ತಾನೇ ಬರೆದುಕೊಳ್ಳುತ್ತದೆ. ಒತ್ತಿದರೆ ಅಕ್ಕೋರ ದನಿ, ಮೊದಲು ಮರಾಠಿಯಲ್ಲಿ ಅರ್ಥ, ಆಮೇಲೆ ಕನ್ನಡದಲ್ಲಿ ಪದ: ‘ಕೊಡು’. ಸ್ವಲ್ಪ ತಡೆದು, ‘ಕೋಡು’. ಶಾಲೆಯ ಒಂದೇ ಕಂಪ್ಯೂಟರ್ ಮುಂದೆ ಮಕ್ಕಳು ಗುಂಪಾಗಿ ನಿಂತು ಅದನ್ನೇ ಕೂಗುತ್ತಿದ್ದರು. ಹನ್ನೆರಡು ವರ್ಷ ಆ ಸಿಡಿ ಹೀಗೇ ನಡೆಯಿತು. ಅಕ್ಕೋರು 2016ರಲ್ಲಿ ತೀರಿಕೊಂಡರು. ದನಿ ಮಾತ್ರ ಪ್ರತಿ ಜೂನ್‌ನಲ್ಲಿ ಹೊಸ ಮಕ್ಕಳಿಗೆ ಪಾಠ ಹೇಳುತ್ತಲೇ ಇತ್ತು. 2021ರ ಜನವರಿ 1ರಿಂದ ವಿದ್ಯಾಗಮ ಮತ್ತೆ ಶುರುವಾಗಿ ಆರನೇ ಇಯತ್ತೆಯ ಮೇಲಿನ ಮಕ್ಕಳು ಶಾಲೆಗೆ ಬಂದಾಗ, ಹತ್ತು ತಿಂಗಳಲ್ಲಿ ಕನ್ನಡ ಮರೆತ ಮಕ್ಕಳಿಗಾಗಿ ಕಾಕಾ ಸಿಡಿ ತೆಗೆದರು. ಆಗ ಕಂಡದ್ದೇ ಬೂದಿ ಚೌಕ.

ನಾನು ಚಿಕ್ಕೋಡಿ ಮೇಲೆ ಹಾದು ನಿಪ್ಪಾಣಿ ಮುಟ್ಟುವಷ್ಟರಲ್ಲಿ (ಜನವರಿಯಲ್ಲಿ ನಮ್ಮ ರಸ್ತೆಗಳು ಕಬ್ಬಿನ ಟ್ರ್ಯಾಕ್ಟರಿನವು, ಬಸ್ಸಿನವಲ್ಲ) ಕಂಪ್ಯೂಟರ್ ರಿಪೇರಿಯ ಹುಡುಗನೊಬ್ಬ ಕಾಕಾಗೆ ಉಪಾಯ ಹೇಳಿ ಹೋಗಿದ್ದ.

‘ತಾರೀಖು ಹಿಂದ ಹಾಕಿ, ಹಳೇ ಬ್ರೌಸರ್ ಹಾಕಿದ್ರ ನಡೀತೈತಂತ. ಹಾಕಿಬಿಡ್ಲ್ಯಾ?’

‘ಬ್ಯಾಡ್ರಿ ಕಾಕಾ. ಇದೇ ಕಂಪ್ಯೂಟರ್‌ನ್ಯಾಗ ಬ್ಯಾಂಕಿನ ಕೆಲಸಾನೂ ಮಾಡ್ತೀರಲ್ರಿ.’

‘ನಾ ಏನ್ ಕೆಟ್ಟದ್ದು ನೋಡ್ತೇನವಾ? ನಂದs ಪಾಠ, ನಂದs ಸಿಡಿ.’

ಕಾಕಾನ ಮಾತಿನಲ್ಲಿ ನ್ಯಾಯ ಇತ್ತು. ಹುಡುಗ ಹೇಳಿದ್ದೂ ಸುಳ್ಳಲ್ಲ. ಪ್ಲೇಯರ್ ತಾರೀಖು ನೋಡಿ ನಿಲ್ಲುವುದರಿಂದ ಕಂಪ್ಯೂಟರ್‌ಗೆ ‘ಇನ್ನೂ 2020’ ಅಂತ ನಂಬಿಸಿದರೆ ಅದು ಓಡುತ್ತದೆ. ಆದರೆ ತಾರೀಖು ತಪ್ಪಾದರೆ ಬ್ಯಾಂಕಿನಂಥ ಸುರಕ್ಷಿತ ಪುಟಗಳ ಪ್ರಮಾಣಪತ್ರ ತಾಳೆಯಾಗದೆ ಅವು ತೆರೆಯದೇ ಇರಬಹುದು. ಅದು ಸಣ್ಣ ತೊಂದರೆ. ದೊಡ್ಡದು ಫ್ಲಾಶ್‌ನ ಒಳಗೇ ಇದೆ.

ಬ್ರೌಸರ್ ಒಂದು ಮನೆ ಅಂದುಕೊಳ್ಳಿ. ಪ್ಲಗಿನ್ ಅದರಲ್ಲಿರುವ ಬಾಡಿಗೆದಾರ. ಆದರೆ ಈ ಬಾಡಿಗೆದಾರನಿಗೆ ತನ್ನದೇ ಹಿತ್ತಲ ಬಾಗಿಲಿದೆ, ಅದರ ಕೀಲಿ ಮಾಲೀಕನ ಹತ್ತಿರ ಇಲ್ಲ. ಬ್ರೌಸರ್‌ನವರು ಮುಂಬಾಗಿಲಿಗೆ ಎಷ್ಟು ಚಿಲಕ ಹಾಕಿದರೂ ಫ್ಲಾಶ್ ಮೂಲಕ ಬಂದವನು ನೇರ ಕಂಪ್ಯೂಟರ್‌ಗೆ ಇಳಿಯಬಹುದಿತ್ತು. ಅಡ್ಡಾದಿಡ್ಡಿ ಹೆಣೆದ ಒಂದು ಫ್ಲಾಶ್ ಕಡತ ಕೊಟ್ಟರೆ ಪ್ಲೇಯರ್ ತನ್ನ ನೆನಪಿನ ಜಾಗದ ಲೆಕ್ಕ ತಪ್ಪಿ, ಓದಬೇಕಾದ ಮಾಹಿತಿಯನ್ನೇ ಆದೇಶ ಅಂತ ಪಾಲಿಸಿಬಿಡುತ್ತಿತ್ತು. ಅಂಥ ಕಡತ ಜಾಹೀರಾತಿನ ರೂಪದಲ್ಲಿ ಒಳ್ಳೆಯ ಪುಟಕ್ಕೂ ಬರುತ್ತಿತ್ತು. 2011ರಲ್ಲಿ ಅಮೆರಿಕದ ಆರ್‌ಎಸ್‌ಎ ಎಂಬ ಭದ್ರತಾ ಕಂಪನಿಗೇ ಕಳ್ಳರು ನುಗ್ಗಿದ್ದು ನೌಕರಿ ಭರ್ತಿಯ ಯೋಜನೆ ಎಂಬ ಹೆಸರಿನ ಎಕ್ಸೆಲ್ ಹಾಳೆಯಿಂದ. ಅದರೊಳಗೆ ಫ್ಲಾಶ್ ಕಡತ ಅಡಗಿತ್ತು. ಬೀಗ ಮಾರುವವರ ಮನೆಯಲ್ಲೇ ಕಳವು. 2015 ಒಂದೇ ವರ್ಷದಲ್ಲಿ ಫ್ಲಾಶ್‌ನ 300ಕ್ಕೂ ಹೆಚ್ಚು ದೋಷಗಳು ದಾಖಲಾದವು. ಅದೇ ಜುಲೈನಲ್ಲಿ ಇಟಲಿಯ ಹ್ಯಾಕಿಂಗ್ ಟೀಮ್ ಎಂಬ ಕಂಪನಿಯ ಕಡತಗಳು ಹೊರಬಿದ್ದಾಗ, ಯಾರಿಗೂ ಗೊತ್ತಿಲ್ಲದ ಫ್ಲಾಶ್ ದೋಷಗಳನ್ನು ಅವರು ಬಚ್ಚಿಟ್ಟು ಬಳಸುತ್ತಿದ್ದದ್ದು ತಿಳಿಯಿತು. ಫೈರ್‌ಫಾಕ್ಸ್ ಕೆಲವು ದಿನ ಫ್ಲಾಶ್ ತಡೆದೇಬಿಟ್ಟಿತು. 2017ರ ಜುಲೈ 25ರಂದು ಅಡೋಬ್ ತಾನೇ ಕೊನೆಯ ದಿನ ಘೋಷಿಸಿತು.

ಸ್ಟೀವ್ ಜಾಬ್ಸ್ 2010ರಲ್ಲಿ ಬರೆದ ಪತ್ರದಿಂದಲೇ ಫ್ಲಾಶ್ ಸತ್ತಿತು ಅಂತ ನಮ್ಮ ಆಫೀಸಿನಲ್ಲಿ ಕೆಲವರು ವಾದಿಸುತ್ತಾರೆ. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಬ್ರೌಸರ್‌ಗಳೇ ವಿಡಿಯೊ, ಧ್ವನಿ, ಚಿತ್ರ ನಡೆಸುವುದನ್ನು ಕಲಿತವು, ಯೂಟ್ಯೂಬ್ 2015ರಲ್ಲಿ ಆ ಕಡೆ ಹೊರಳಿತು. ಆಮೇಲೆ ಹಿತ್ತಲ ಬಾಗಿಲಿನ ಬಾಡಿಗೆದಾರ ಯಾಕೆ ಬೇಕು?

ಇಷ್ಟೆಲ್ಲ ಆದಮೇಲೂ ಹಳೆಯದನ್ನೇ ಹಿಡಿದುಕೊಂಡವರು ಇದ್ದಾರೆ. ಚೀನಾದ ಡಾಲಿಯನ್ ಊರಿನ ರೈಲ್ವೆಯಲ್ಲಿ ಜನವರಿ 12ರಂದು ರೈಲು ಓಡಾಟದ ನಕ್ಷೆ ತೋರಿಸುವ ಪುಟ ನಿಂತಿತು, ಸಿಬ್ಬಂದಿ ಹಳೆಯ ಫ್ಲಾಶ್ ಆವೃತ್ತಿ ಹುಡುಕಿ ಹಾಕಿಕೊಂಡು ಕೆಲಸ ಮುಂದುವರಿಸಿದರು. ದಕ್ಷಿಣ ಆಫ್ರಿಕಾದ ತೆರಿಗೆ ಇಲಾಖೆಯಂತೂ ತನ್ನ ಫ್ಲಾಶ್ ಅರ್ಜಿಗಳಿಗಾಗಿ ಒಂದು ಬ್ರೌಸರನ್ನೇ ಹೊರತಂದಿತು. ನಾಲ್ಕು ಅರ್ಜಿ ಬದಲಿಸುವ ಬದಲು ಬ್ರೌಸರ್ ಬರೆಯುವುದು! ಈಗಂತೂ ದೋಷ ಸಿಕ್ಕರೆ ಅಡೋಬ್ ತಿದ್ದುವುದೂ ಇಲ್ಲ. ‘ಹಳೆಯ ಫ್ಲಾಶ್ ಇಲ್ಲಿದೆ’ ಅಂತ ಹಂಚುವ ಪುಟಗಳು ಅದರ ಜೊತೆ ಇನ್ನೇನು ಕೊಡುತ್ತವೆ ಅಂತ ಯಾರೂ ಹೇಳಲಾರರು.

ಕಾಕಾಗೆ ಇಷ್ಟು ಹೇಳಿದ್ದಕ್ಕೆ ಅವರು, ‘ಹಂಗಾರ ಅಕ್ಕೋರ ದನಿ ಹೋತಂದಂಗ?’ ಅಂದರು.

ಹೋಗಿರಲಿಲ್ಲ. ಪಾಠ ಇದ್ದದ್ದು ಎಸ್‌ಡಬ್ಲ್ಯುಎಫ್ ಎಂಬ ಕಡತಗಳಲ್ಲಿ. ಫ್ಲಾಶ್ ಪ್ಲೇಯರ್ ಅದನ್ನು ಓದುವ ಒಂದು ಸಾಧನ ಮಾತ್ರ. ಅದಕ್ಕೆ ಬೇರೆ ಓದುಗ ಈಗ ಹುಟ್ಟಿದ್ದಾನೆ, ಹೆಸರು ರಫಲ್. ಸ್ವಯಂಸೇವಕರು ರಸ್ಟ್ ಎಂಬ ಭಾಷೆಯಲ್ಲಿ ಬರೆಯುತ್ತಿರುವ ಉಚಿತ ತಂತ್ರಾಂಶ. ನೆನಪಿನ ಲೆಕ್ಕ ತಪ್ಪುವ ಆ ಹಳೆಯ ಕಾಯಿಲೆ ಬಹುಮಟ್ಟಿಗೆ ಬರದಂತೆ ಆ ಭಾಷೆಯೇ ತಡೆಯುತ್ತದೆ. ಇಂಟರ್ನೆಟ್ ಆರ್ಕೈವ್ 2020ರ ನವೆಂಬರ್‌ನಿಂದ ಹಳೆಯ ಫ್ಲಾಶ್ ಆಟಗಳನ್ನು ಇದರಿಂದಲೇ ತೋರಿಸುತ್ತಿದೆ. ರಫಲ್‌ಗೆ ಫ್ಲಾಶ್‌ನ ಹೊಸ ಭಾಷೆಗಿಂತ ಹಳೆಯ ಭಾಷೆ ಚೆನ್ನಾಗಿ ಬರುತ್ತದೆ. ನಮ್ಮ ಡಿಟಿಪಿಯವನು ಹಳೆಯ ಫ್ಲಾಶ್ 8 ಬಳಸಿದ್ದೇ ಇಲ್ಲಿ ಕೈಹಿಡಿಯಿತು.

ಹದಿನಾಲ್ಕರಲ್ಲಿ ಹದಿಮೂರು ಪಾಠ ಮೊದಲ ದಿನವೇ ಓಡಿದವು. ಕೊನೆಯ ಪರೀಕ್ಷೆಯ ಪುಟದಲ್ಲಿ ಮಾತ್ರ ಮಕ್ಕಳು ಹೆಸರು ಬರೆಯುವ ಪೆಟ್ಟಿಗೆ ಮೂಕವಾಗಿ ಕೂತಿತು. ಅದನ್ನು ಬಿಟ್ಟು, ಪ್ರತಿ ಪಾಠವನ್ನು ಪರದೆಯಿಂದಲೇ ವಿಡಿಯೊ ಮಾಡಿಕೊಂಡೆವು, ಮೊಬೈಲ್‌ಗೆ ಹೊಂದುವ ಸಣ್ಣ ತುಣುಕುಗಳಾಗಿ. ಒತ್ತಿ ಕೇಳುವ ಮಜಾ ಅದರಲ್ಲಿ ಇಲ್ಲ, ನಿಜ. ಆದರೆ ಶಾಲೆಯ ಒಂದು ಕಂಪ್ಯೂಟರ್‌ನಲ್ಲಿ ಇದ್ದದ್ದು ಮಕ್ಕಳ ಮನೆಯ ವಾಟ್ಸಾಪ್‌ಗೆ ಹೋಗುತ್ತದೆ.

ದನಿಗಾಗಿ ಇನ್ನೊಂದು ಕೆಲಸ ಮಾಡಿದೆವು. ಜೆಪೆಕ್ಸ್ ಎಂಬ ಉಚಿತ ತಂತ್ರಾಂಶ ಎಸ್‌ಡಬ್ಲ್ಯುಎಫ್ ಕಡತವನ್ನು ಬಿಚ್ಚಿ ಚಿತ್ರ, ದನಿ, ಅಕ್ಷರ ಬೇರೆ ಬೇರೆ ಮಾಡಿ ಕೊಡುತ್ತದೆ. ದನಿ ಎಂಪಿ3 ರೂಪದಲ್ಲಿ ಸಿಕ್ಕಿತು. ಫ್ಲಾಶ್ ತಾನಾಗಿ ಇಡುತ್ತಿದ್ದ ಗುಣಮಟ್ಟ 16 ಕೆಬಿಪಿಎಸ್, ಅಂದರೆ ಹಳೆಯ ಟೆಲಿಫೋನಿನಲ್ಲಿ ಕೇಳಿದಂತೆ. ಅಂಗಡಿಯವ ಅದನ್ನು ಬದಲಿಸಿರಲಿಲ್ಲ. ಹಿಂದೆ ಫ್ಯಾನಿನ ಸದ್ದಿದೆ, ಒಂದು ಕಡೆ ಯಾರೋ ಬಾಗಿಲು ಹಾಕುತ್ತಾರೆ. ಆದರೂ ‘ಕೊಡು’ ‘ಕೋಡು’ ನಡುವಿನ ಅಂತರ ಸ್ವಚ್ಛ ಕೇಳುತ್ತದೆ.

ಅಕ್ಷರದ ಭಾಗವೇ ಕಷ್ಟದ್ದು. ಬಿಚ್ಚಿದಾಗ ಕನ್ನಡ ಸಾಲುಗಳೆಲ್ಲ ಇಂಗ್ಲಿಷ್ ಗೀಚಾಗಿ ಬಂದವು, ಅದೇ ನುಡಿಯ ವೇಷ. ಅದನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಸಿಗುತ್ತವೆ, ಮುಕ್ಕಾಲು ಪಾಲು ಸರಿ ಬಂತು. ಅರ್ಕಾವೊತ್ತು, ಒತ್ತಕ್ಷರ ಕೆಲವು ಕಡೆ ಕೈಯಿಂದ ತಿದ್ದಬೇಕಾಯಿತು. ಮರಾಠಿ ಸಾಲುಗಳನ್ನು ಅಂಗಡಿಯವ ಚಿತ್ರವಾಗಿ ಒಡೆದಿದ್ದ. ಅವನ್ನು ಕಾಕಾ ಮೊದಲಿನಿಂದ ಟೈಪ್ ಮಾಡುತ್ತಿದ್ದಾರೆ. ಮೂಲ ಎಫ್‌ಎಲ್‌ಎ ಕಡತ ಇದ್ದಿದ್ದರೆ ಇಷ್ಟು ಪಾಡು ಇರುತ್ತಿರಲಿಲ್ಲ. ಡಿಟಿಪಿ ಅಂಗಡಿ ಇದ್ದ ಜಾಗದಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ, ಹಳೆಯ ಹಾರ್ಡ್ ಡಿಸ್ಕ್ ಏನಾಯಿತೋ ಯಾರಿಗೂ ಗೊತ್ತಿಲ್ಲ.

ನಿಮ್ಮಲ್ಲಿ ಮಾಸ್ತರು, ಅಕ್ಕೋರು ಇರಬಹುದು, ಊರಿನ ಜಾತ್ರೆಗೋ ಸಂಘಕ್ಕೋ ಹಿಂದೆ ಸಿಡಿ ಮಾಡಿಸಿದವರು ಇರಬಹುದು. ಕಪಾಟಿನಲ್ಲಿ ಅದು ಇದ್ದರೆ ಮೊದಲು ನಕಲು ಮಾಡಿಟ್ಟುಕೊಳ್ಳಿ. ಬರೆದ ಸಿಡಿಗಳು ಫ್ಲಾಶ್‌ಗಿಂತ ಬೇಗ ಹಾಳಾಗುತ್ತವೆ. ಕಡತದ ಹೆಸರಿನ ಕೊನೆ ನೋಡಿ. ಎಸ್‌ಡಬ್ಲ್ಯುಎಫ್ ಇದ್ದರೆ ರಫಲ್‌ನಲ್ಲಿ ಪ್ರಯತ್ನಿಸಬಹುದು. ಎಫ್‌ಎಲ್‌ಎ ಸಿಕ್ಕರೆ ಅದು ಚಿನ್ನ, ಬಿಡಬೇಡಿ. ಇಎಕ್ಸ್‌ಇ ಆಗಿದ್ದರೆ ಪ್ಲೇಯರ್ ಅದರೊಳಗೇ ಸೇರಿರಬಹುದು. ಆಗ ವಿಂಡೋಸ್‌ನಲ್ಲಿ ಈಗಲೂ ಓಡೀತು. ನೀವೇ ಮಾಡಿಸಿದ್ದಾದರೆ ಮಾತ್ರ ತೆರೆಯಿರಿ, ಅದೂ ನೆಟ್ ಬಂದ್ ಮಾಡಿ. ಬ್ರೌಸರ್‌ನಲ್ಲಿ ‘ಫ್ಲಾಶ್ ಹೊಸದು ಹಾಕಿಕೊಳ್ಳಿ’ ಅಂತ ಯಾವುದಾದರೂ ಪುಟ ಇನ್ನು ಮೇಲೆ ಕೇಳಿದರೆ, ಕೇಳಿದವನು ಅಡೋಬ್ ಅಲ್ಲ.

ಅಕ್ಕೋರ ಮಗಳು ಇಚಲಕರಂಜಿಯಲ್ಲಿರುತ್ತಾರೆ. ಕಾಕಾ ಅವರಿಗೆ ದನಿಯ ಕಡತಗಳನ್ನು ಕಳಿಸಿದರು. ತಾಯಿಯ ದನಿ ಅವರ ಹತ್ತಿರ ಬೇರೆ ಯಾವ ರೂಪದಲ್ಲೂ ಇರಲಿಲ್ಲವಂತೆ. ಎರಡು ದಿನ ಬಿಟ್ಟು ಅವರ ಫೋನ್ ಬಂತು. ಅವರ ಮಗ ಅದನ್ನು ಹಾಕಿಕೊಂಡು ‘ಕೊಡು, ಕೋಡು’ ಅಂತ ಮನೆ ತುಂಬಾ ಓಡಾಡುತ್ತಿದ್ದಾನೆ. ಕೋಡು ಅಂದರೆ ಏನು ಅಂತ ಕೇಳಿದನಂತೆ, ಮರಾಠಿ ಅರ್ಥದ ತುಣುಕು ಬೇರೆ ಕಡತದಲ್ಲಿ ಉಳಿದುಬಿಟ್ಟಿತ್ತು. ಅದನ್ನೂ ಜೋಡಿಸಿ ಈ ಭಾನುವಾರ ಕಳಿಸಬೇಕು.